36 ಕೆಜಿ ನಾಯಿಗೆ ನೆಲದೊಳಗಿನ ಬೇಲಿ: ವೈರ್ ಆರಿಸಿದ್ದು, ಹೂತದ್ದು, ಕಲಿಸಿದ್ದು

ಭೈರ ಜರ್ಮನ್ ಶೆಫರ್ಡ್. ತೂಕ 36 ಕೆಜಿ. ಪಾಂಡವಪುರದ ಕಡೆ ನಮ್ಮದು ಒಂದು ಎಕರೆ ಹತ್ತು ಗುಂಟೆ ತೆಂಗಿನ ತೋಟ, ಅದರೊಳಗೇ ಮನೆ. ಮುಂದೆ ರಸ್ತೆ, ಹಿಂದೆ ಕಾಲುವೆ, ಎರಡು ಪಕ್ಕಕ್ಕೂ ಬೇರೆಯವರ ಗದ್ದೆ. ಕಬ್ಬು ಅರೆಯುವ ಸೀಸನ್ ಶುರುವಾದರೆ ರಸ್ತೆಯಲ್ಲಿ ಲೋಡ್ ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತವೆ. ಭೈರನಿಗೆ ಟ್ರ್ಯಾಕ್ಟರ್ ಟೈರ್ ಕಂಡರೆ ಆಗುವುದಿಲ್ಲ. ಪಕ್ಕದ ದೊಡ್ಡವ್ವನ ಕೋಳಿ ಕಂಡರೆ ಇನ್ನೂ ಆಗುವುದಿಲ್ಲ.

ಕಟ್ಟಿಹಾಕಿ ಸಾಕುವುದು ನನಗೆ ಇಷ್ಟವಿಲ್ಲ. ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ತಪ್ಪು ಕೂಡ. ಅದು ಬಿಡಿ, ಕಟ್ಟಿದ ಶೆಫರ್ಡ್ ದಿನ ಕಳೆದಂತೆ ಸಿಡುಕನಾಗುತ್ತದೆ. ಹಾಗಾಗಿ ಬೇಲಿ ಬೇಕೇ ಬೇಕಿತ್ತು. ಯಾವ ಬೇಲಿ ಅನ್ನುವುದಷ್ಟೇ ಪ್ರಶ್ನೆ.

ಕಲ್ಲುಕಂಬ ನೆಟ್ಟು ಚೈನ್‌ಲಿಂಕ್ ಹಾಕಿಸುವುದು ಎಲ್ಲರೂ ಹೇಳುವ ದಾರಿ. ನಮ್ಮ ಜಾಗ ಹೆಚ್ಚುಕಡಿಮೆ 50 ಮೀಟರ್ ಅಗಲ, 100 ಮೀಟರ್ ಉದ್ದ. ಸುತ್ತಳತೆ 300 ಮೀಟರ್. ಐದಡಿ ಜಾಲರಿಗೆ, ಕಂಬಕ್ಕೆ, ಕೂಲಿಗೆ ಲೆಕ್ಕ ಹಾಕಿದಾಗ ಬಂದ ಮೊತ್ತ ನೋಡಿ ಮನೆಯವಳು ಸುಮ್ನೆ ನಕ್ಕಳು. ದುಡ್ಡಿಗಿಂತ ದೊಡ್ಡ ತಲೆನೋವು ಬದು. ಎರಡೂ ಕಡೆ ಬದು ಇಬ್ಬರಿಗೂ ಸೇರಿದ್ದು. ಅದರ ಮೇಲೆ ಕಂಬ ನೆಡಬೇಕು ಅಂದರೆ ಮೊದಲು ಹದ್ದುಬಸ್ತು ಮಾಡಿಸಬೇಕು, ಸರ್ವೆಯವರು ಬರಬೇಕು, ಆಮೇಲೆ ಯಾರ ಕಡೆಗೆ ಒಂದಡಿ ಹೋಯಿತು ಅಂತ ಮಾತು ಬೆಳೆಯಬೇಕು. ನಾಯಿಗೋಸ್ಕರ ನೆರೆಯವರ ಜೊತೆ ಜಗಳ ಯಾರಿಗೆ ಬೇಕು? ರಸ್ತೆ ಕಡೆಗೆ ಮಾತ್ರ ಮೊದಲೇ ಕಾಂಪೌಂಡ್ ಗೋಡೆ ಮತ್ತು ಗೇಟ್ ಇತ್ತು. ಗೇಟ್ ಹಗಲೆಲ್ಲ ತೆರೆದೇ ಇರುತ್ತದೆ ಅನ್ನುವುದು ಬೇರೆ ಮಾತು.

ವೈರ್ ಇಲ್ಲದ ಬೇಲಿ ಅಂತ ಒಂದು ಬರುತ್ತದೆ. ಮನೆಯೊಳಗೆ ಒಂದು ಡಬ್ಬಿ ಇಟ್ಟರೆ ಅದರ ಸುತ್ತ ದುಂಡಗೆ ಸಿಗ್ನಲ್ ಹರಡುತ್ತದೆ. ದುಂಡಗೆ ಅನ್ನುವುದೇ ತೊಂದರೆ. 50 ಮೀಟರ್ ಅಗಲದ ಜಾಗದಲ್ಲಿ ಹೊರಕ್ಕೆ ಚಾಚದಂತೆ ಹಿಡಿಸುವ ವೃತ್ತದ ತ್ರಿಜ್ಯ 25 ಮೀಟರ್. ಅಂದರೆ ತೋಟದ ಐದು ಪಾಲಿನಲ್ಲಿ ಎರಡು ಪಾಲು ಮಾತ್ರ ನಾಯಿಗೆ. ಮೇಲಾಗಿ ಕೊಟ್ಟಿಗೆಗೆ ಕಬ್ಬಿಣದ ಶೀಟ್ ಹೊದಿಸಿದೆ. ಅದರ ಹಿಂದೆ ಸಿಗ್ನಲ್ ಎಲ್ಲಿ ಸಾಯುತ್ತದೆ, ಎಲ್ಲಿ ಬದುಕುತ್ತದೆ ಹೇಳುವ ಹಾಗಿಲ್ಲ.

ಜಿಪಿಎಸ್ ಕಾಲರ್ ಇನ್ನೊಂದು. ಹೂಳುವ ಕೆಲಸವೇ ಇಲ್ಲ, ಮೊಬೈಲ್‌ನಲ್ಲಿ ಗೆರೆ ಎಳೆದರೆ ಆಯಿತು. ಆದರೆ ಜಿಪಿಎಸ್ ಅಂದಾಜು ಕೆಲವು ಮೀಟರ್ ಆಚೀಚೆ ಆಗುತ್ತದೆ, ತೆಂಗಿನ ಗರಿಗಳ ಕೆಳಗೆ ಇನ್ನೂ ಜಾಸ್ತಿ. ನೂರು ಎಕರೆ ಕಾಫಿ ತೋಟಕ್ಕೆ ಅದು ಸರಿ. ನಮ್ಮ ಪಟ್ಟಿಯಂಥ ಜಾಗದಲ್ಲಿ ಎರಡೂ ಕಡೆ ಐದೈದು ಮೀಟರ್ ಬಿಟ್ಟುಕೊಟ್ಟರೆ ಉಳಿಯುವುದೇನು?

ಹಾಗೆ ಕಳೆಯುತ್ತಾ ಬಂದು ಉಳಿದದ್ದು ನೆಲದಲ್ಲಿ ವೈರ್ ಹೂಳುವ ಬೇಲಿ. ಅಮೆರಿಕದಲ್ಲಿ 1970ರ ದಶಕದಿಂದ ಬಳಕೆಯಲ್ಲಿರುವ ಹಳೆಯ ತಂತ್ರ. ಕೆಲಸ ಮಾಡುವ ರೀತಿ ಸರಳ. ಮನೆಯೊಳಗೆ ಒಂದು ಟ್ರಾನ್ಸ್‌ಮಿಟರ್, ಅಂದರೆ ಸಿಗ್ನಲ್ ಕಳಿಸುವ ಡಬ್ಬಿ. ಅದರಿಂದ ಹೊರಟ ವೈರ್ ಜಾಗವನ್ನೆಲ್ಲ ಒಂದು ಸುತ್ತು ಹಾಕಿ ಮತ್ತೆ ಅದಕ್ಕೇ ಬಂದು ಸೇರಬೇಕು. ಆ ಸುತ್ತಿನಲ್ಲಿ ಕಡಿಮೆ ಆವರ್ತನದ ಸಿಗ್ನಲ್ ಹರಿಯುತ್ತದೆ, ಸಾಮಾನ್ಯವಾಗಿ 7ರಿಂದ 10 ಕಿಲೋಹರ್ಟ್ಜ್ ಆಸುಪಾಸು. ನಾಯಿಯ ಕೊರಳಿನ ಕಾಲರ್‌ನಲ್ಲಿ ಆ ಸಿಗ್ನಲ್ ಹಿಡಿಯುವ ರಿಸೀವರ್ ಇದೆ. ವೈರ್ ಹತ್ತಿರ ಬಂದರೆ ಅದು ಮೊದಲು ಬೀಪ್ ಮಾಡುತ್ತದೆ. ಇನ್ನೂ ಮುಂದೆ ಹೋದರೆ ಚುರುಕು ಮುಟ್ಟಿಸುತ್ತದೆ. ಶಾಕ್ ಇರುವುದು ಕಾಲರ್‌ನಲ್ಲಿ, ವೈರ್‌ನಲ್ಲಿ ಅಲ್ಲ. ಇದನ್ನು ಊರವರಿಗೆ ಹೇಳಿ ಹೇಳಿ ನನ್ನ ಬಾಯಿ ನೋವಾಗಿದೆ.

ಈ ಬೇಲಿ ನನಗೆ ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ. ಬ್ರಿಟನ್‌ನ ವೇಲ್ಸ್‌ನಲ್ಲಿ 2010ರಲ್ಲೇ ಇಂಥ ಕಾಲರ್‌ಗಳನ್ನು ನಿಷೇಧಿಸಿದ್ದಾರೆ, ಬೇಲಿಯ ಕಾಲರ್ ಕೂಡ ಸೇರಿ. ಕಾರಣ ಗೊತ್ತಿರುವಂಥದ್ದೇ: ಕಲಿಸದೆ ಸುಮ್ನೆ ಕಾಲರ್ ಕಟ್ಟಿಬಿಟ್ಟರೆ ನಾಯಿಗೆ ಯಾಕೆ ಹೊಡೆಯುತ್ತಿದೆ ಅನ್ನುವುದೇ ತಿಳಿಯುವುದಿಲ್ಲ. ನಾನು ಮಾಡಿಕೊಂಡ ತೀರ್ಮಾನ ಇಷ್ಟು: ಬೀಪ್‌ಗೆ ತಿರುಗುವ ಹಾಗೆ ಕಲಿಸಬೇಕು, ಶಾಕ್ ಆದಷ್ಟು ಕೆಳಗಿನ ಮಟ್ಟದಲ್ಲೇ ಇರಬೇಕು. ಕಾಲರ್ ಬಂದ ದಿನ ಎರಡನೇ ಮಟ್ಟಕ್ಕೆ ಇಟ್ಟು ನನ್ನ ಮುಂಗೈಗೇ ಒತ್ತಿ ವೈರ್ ಬಳಿ ಹೋದೆ. ಚಳಿಗಾಲದಲ್ಲಿ ಸಿಂಥೆಟಿಕ್ ಶರ್ಟ್ ಕಳಚುವಾಗ ಚಟ್ ಅನ್ನುತ್ತದಲ್ಲ, ಅದಕ್ಕಿಂತ ಸ್ವಲ್ಪ ಜಾಸ್ತಿ. ಐದನೇ ಮಟ್ಟವನ್ನೂ ನೋಡಿದೆ. ಅದನ್ನು ಭೈರನಿಗೆ ಯಾವತ್ತೂ ಇಡುವುದಿಲ್ಲ ಅಂತ ಅಲ್ಲೇ ನಿರ್ಧರಿಸಿದೆ.

ದೊಡ್ಡ ನಾಯಿಗೆ ನೋಡಬೇಕಾದದ್ದು

ಕಿಟ್‌ಗಳ ಜಾಹೀರಾತಿನಲ್ಲಿ "ದೊಡ್ಡ ನಾಯಿಗೆ, ಹಟಮಾರಿ ನಾಯಿಗೆ" ಅಂತ ಬರೆದಿದ್ದರೆ ಅದರ ಅರ್ಥ ಶಾಕ್ ಜೋರು ಅಂತ. ಕೊಳ್ಳುವವರೂ ಅದನ್ನೇ ನೋಡುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ನೋಡಬೇಕಾದ ವಿಷಯ. ದೊಡ್ಡ ನಾಯಿಯ ಸಮಸ್ಯೆ ದಪ್ಪ ಚರ್ಮ ಅಲ್ಲ, ವೇಗ.

ಲೆಕ್ಕ ನೋಡಿ. ಶೆಫರ್ಡ್ ಓಡಲು ಶುರು ಮಾಡಿದರೆ ಗಂಟೆಗೆ 30 ಕಿಲೋಮೀಟರ್ ಅನ್ನುವುದು ಅದಕ್ಕೆ ಆರಾಮದ ಓಟ. ಅಂದರೆ ಸೆಕೆಂಡಿಗೆ ಎಂಟು ಮೀಟರ್‌ಗಿಂತ ಜಾಸ್ತಿ. ಎಚ್ಚರಿಕೆಯ ಜಾಗ, ಅಂದರೆ ಬೀಪ್ ಶುರುವಾಗುವಲ್ಲಿಂದ ವೈರ್‌ವರೆಗಿನ ಅಗಲ, ಒಂದೇ ಮೀಟರ್ ಇದ್ದರೆ ಅದನ್ನು ದಾಟಲು ಸೆಕೆಂಡಿನ ಎಂಟನೇ ಒಂದು ಭಾಗ ಸಾಕು. ಬೀಪ್ ಕೇಳಿ, ಅರ್ಥ ಮಾಡಿಕೊಂಡು, 36 ಕೆಜಿ ಮೈಯನ್ನು ನಿಲ್ಲಿಸಿ ತಿರುಗುವಷ್ಟರಲ್ಲಿ ಅದು ರಸ್ತೆಯಲ್ಲಿರುತ್ತದೆ. ಜಾಗ ಮೂರು ಮೀಟರ್ ಇದ್ದರೆ ಮೂರು ಪಟ್ಟು ಸಮಯ ಸಿಗುತ್ತದೆ. ಹಾಗಾಗಿ ನಾನು ಮೊದಲು ನೋಡಿದ್ದು ಎಚ್ಚರಿಕೆಯ ಅಗಲವನ್ನು ಹೆಚ್ಚು ಕಡಿಮೆ ಮಾಡುವ ತಿರುಗಣೆ ಡಬ್ಬಿಯಲ್ಲಿ ಇದೆಯಾ, ನಮ್ಮಷ್ಟು ಉದ್ದದ ವೈರ್‌ಗೂ ಅದು ಮೂರು ಮೀಟರ್ ಕೊಡುತ್ತದಾ ಅಂತ.

ಎರಡನೆಯದು ಕಾಲರ್‌ನ ಮುಳ್ಳು. ಅಂದರೆ ಚರ್ಮಕ್ಕೆ ತಾಗುವ ಎರಡು ಲೋಹದ ಮೊಳೆ. ಶೆಫರ್ಡ್‌ಗೆ ಎರಡು ಪದರ ಕೂದಲು. ಗಿಡ್ಡ ಮುಳ್ಳು ಕೂದಲಲ್ಲೇ ನಿಂತುಬಿಡುತ್ತದೆ, ಚರ್ಮಕ್ಕೆ ಮುಟ್ಟುವುದೇ ಇಲ್ಲ. ಆಗ ಜನ "ನಮ್ಮ ನಾಯಿಗೆ ಶಾಕ್ ತಾಗುತ್ತಿಲ್ಲ" ಅಂತ ಮಟ್ಟ ಏರಿಸುತ್ತಾ ಹೋಗುತ್ತಾರೆ. ಒಂದು ದಿನ ಮುಳ್ಳು ಸರಿಯಾಗಿ ಕೂತಾಗ ಪಾಪದ ಪ್ರಾಣಿ ಕಿರುಚಿಕೊಳ್ಳುತ್ತದೆ. ಕಿಟ್ ಜೊತೆ ಉದ್ದ ಮುಳ್ಳು ಬರುತ್ತದಾ ಅಂತ ಕೇಳಿ ತೆಗೆದುಕೊಳ್ಳಿ. ಮೂರನೆಯದು ನೀರು. ಭೈರ ಕಾಲುವೆಗೆ ಇಳಿಯದೆ ಒಂದು ದಿನವೂ ಇರುವುದಿಲ್ಲ. ಮಳೆ ಹನಿ ತಡೆಯುವ ಕಾಲರ್ ಸಾಲದು, ಮುಳುಗಿದರೂ ನಡೆಯುವಂಥದ್ದು ಬೇಕು.

ಇನ್ನೊಂದು ಸಣ್ಣ ಅಂಶ. ಕೆಲವು ಕಾಲರ್‌ಗಳಲ್ಲಿ ನಾಯಿ ಗೆರೆ ದಾಟಿ ಹೋದ ಮೇಲೂ ವಾಪಸ್ ಬರುವಾಗ ಮತ್ತೆ ಹೊಡೆಯುತ್ತದೆ. ಇದರ ಕಥೆ ಮುಂದೆ ಬರುತ್ತದೆ.

ವೈರ್

ಕಿಟ್ ಜೊತೆ ಬಂದದ್ದು 20 ಗೇಜ್ ವೈರ್, ಸುಮಾರು 150 ಮೀಟರ್. ನಮ್ಮ ಲೆಕ್ಕದಲ್ಲಿ ಅದು ಅರ್ಧ ಸ್ಕ್ವೇರ್ ಎಂಎಂ. ಕೈಯಲ್ಲಿ ಹಿಡಿದರೆ ಹಳೆ ಟೆಲಿಫೋನ್ ವೈರ್‌ನಷ್ಟು ತೆಳ್ಳಗೆ. ಹುಲ್ಲುಹಾಸಿನ ಕೆಳಗೆ ಹೂತು ಮರೆತುಬಿಡುವವರಿಗೆ ಸಾಕಾಗಬಹುದು. ಇಲ್ಲಿ ವರ್ಷಕ್ಕೆ ಎರಡು ಸಲ ಟಿಲ್ಲರ್ ಓಡುತ್ತದೆ, ಹೆಗ್ಗಣ ಬದು ತೋಡುತ್ತದೆ, ತೆಂಗಿನ ಬುಡ ಬಿಡಿಸುವವರ ಗುದ್ದಲಿ ಎಲ್ಲಿ ಬೀಳುತ್ತದೋ ಗೊತ್ತಿಲ್ಲ. ಅದನ್ನು ಎತ್ತಿಟ್ಟು ಒಂದು ಸ್ಕ್ವೇರ್ ಎಂಎಂ ತಾಮ್ರದ ವೈರ್ ತಂದೆ. ಸುರುಳಿಗೆ 90 ಮೀಟರ್, ನಾಲ್ಕು ಸುರುಳಿ.

ದಪ್ಪ ವೈರ್ ತಂದದ್ದು ಗಟ್ಟಿತನಕ್ಕೆ. ಸಿಗ್ನಲ್‌ಗೂ ಅದು ಒಳ್ಳೆಯದೇ. ಒಂದು ಸ್ಕ್ವೇರ್ ಎಂಎಂ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 18 ಓಂ ರೋಧ. 360 ಮೀಟರಿಗೆ ಆರೂವರೆ ಓಂ. ಅರ್ಧ ಸ್ಕ್ವೇರ್ ಎಂಎಂ ವೈರ್ ಆಗಿದ್ದರೆ ಅದರ ಎರಡು ಪಟ್ಟು. ಈ ಆರೂವರೆಯನ್ನು ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಟ್ಟೆ. ಮುಂದೆ ಎಲ್ಲಿ ಕೆಟ್ಟರೂ ಮೀಟರ್ ಹಿಡಿದು ಹೋಲಿಸಲು ಒಂದು ಆಧಾರ.

ಮನೆ ವೈರಿಂಗ್‌ನ ಪಿವಿಸಿ ಹೊದಿಕೆ ನೇರ ಮಣ್ಣಲ್ಲಿ ಹೂಳಲಿಕ್ಕೆ ಮಾಡಿದ್ದಲ್ಲ. ಹಸಿ ಮಣ್ಣಿನಲ್ಲಿ ವರ್ಷಗಟ್ಟಲೆ ಕೂತರೆ ನಿಧಾನಕ್ಕೆ ಸೋರಲು ಶುರುವಾಗುತ್ತದೆ. ಸಬ್‌ಮರ್ಸಿಬಲ್ ಪಂಪಿನ ಕೇಬಲ್ ಹಾಕಬಹುದಿತ್ತು, ಬೆಲೆ ಕೇಳಿ ಬಿಟ್ಟೆ. ಮನೆಯಲ್ಲೇ ಒಂದು ಉಪಾಯ ಇತ್ತು. ತೋಟದ ಮೂಲೆಯಲ್ಲಿ ಹಳೆ ಡ್ರಿಪ್‌ನ 16 ಎಂಎಂ ಪೈಪ್ ಸುತ್ತಿಟ್ಟಿದ್ದೆ. ಅದನ್ನು ಉದ್ದಕ್ಕೆ ಸೀಳಿ ವೈರ್ ಮೇಲೆ ಹೊದಿಸಿದರೆ ಗುದ್ದಲಿಗೂ ಹೆಗ್ಗಣದ ಹಲ್ಲಿಗೂ ಒಂದು ತಡೆ. ಪ್ಲಾಸ್ಟಿಕ್ ಸಿಗ್ನಲ್‌ಗೆ ಅಡ್ಡಿಯಲ್ಲ.

ನೂರಾರು ಮೀಟರ್ ಪೈಪ್ ಕೈಯಲ್ಲಿ ಸೀಳಿದರೆ ಬೆರಳು ಉಳಿಯುವುದಿಲ್ಲ. ಒಂದು ಮರದ ತುಂಡಿಗೆ ಪೈಪ್ ಹಿಡಿಸುವಷ್ಟು ತೂತು ಕೊರೆದೆ. ತೂತಿನ ಮೇಲಿಂದ ಕಟ್ಟರ್ ಬ್ಲೇಡ್ ಇಳಿಸಿ ಎರಡು ಸ್ಕ್ರೂ ಬಿಗಿದೆ, ಬ್ಲೇಡಿನ ತುದಿ ಪೈಪಿನ ಒಂದು ಗೋಡೆಯನ್ನಷ್ಟೇ ಕುಯ್ಯುವಷ್ಟು ಆಳಕ್ಕೆ. ತುಂಡನ್ನು ತೆಂಗಿನ ಮರಕ್ಕೆ ಕಟ್ಟಿ ಪೈಪನ್ನು ಆ ಕಡೆಯಿಂದ ತೂರಿಸಿ ಈ ಕಡೆಯಿಂದ ಎಳೆದರೆ ಸರ್ರನೆ ಸೀಳಿಕೊಂಡು ಬರುತ್ತದೆ. ಬಿಸಿಲಿಗೆ ಒಣಗಿದ್ದ ಪೈಪ್ ಮೆತ್ತಗಾಗಲಿ ಅಂತ ಮಧ್ಯಾಹ್ನದ ಹೊತ್ತಲ್ಲೇ ಎಳೆದೆ. ಹೂಳುವಾಗ ಸೀಳು ಕೆಳಮುಖ ಇರಬೇಕು. ಮೇಲ್ಮುಖವಾದರೆ ಮಣ್ಣು ತುಂಬಿ ಬಾಯಿ ಬಿಟ್ಟುಕೊಳ್ಳುತ್ತದೆ.

ಮನೆಯಿಂದ ಸುತ್ತಿಗೆ ಹೋಗುವ ಭಾಗ ಬೇರೆ. ಅಲ್ಲಿ ಸಿಗ್ನಲ್ ಇರಬಾರದು. ಇಲ್ಲದಿದ್ದರೆ ಭೈರ ತನ್ನ ಅಂಗಳದಲ್ಲೇ ಬೀಪ್ ಕೇಳಬೇಕಾಗುತ್ತದೆ. ಹೋಗುವ ವೈರ್, ಬರುವ ವೈರ್ ಎರಡನ್ನೂ ಒಂದಕ್ಕೊಂದು ಹುರಿ ಹಾಕಿದರೆ ಎದುರುಬದುರು ಹರಿಯುವ ಕರೆಂಟ್ ಒಂದರ ಪ್ರಭಾವವನ್ನು ಇನ್ನೊಂದು ಅಳಿಸಿಹಾಕುತ್ತದೆ. ಅಡಿಗೆ ಹತ್ತು ಹನ್ನೆರಡು ಸುತ್ತು ಬೇಕು. ಎರಡು ತುದಿ ಮರಕ್ಕೆ ಕಟ್ಟಿ ಇನ್ನೆರಡು ತುದಿ ಡ್ರಿಲ್ ಮಷೀನ್‌ಗೆ ಸಿಕ್ಕಿಸಿ ತಿರುಗಿಸಿದರೆ ಚೆನ್ನಾಗಿ ಹುರಿಯಾಗುತ್ತದೆ. ಹುರಿ ಏರಿದಂತೆ ಉದ್ದ ಕಡಿಮೆಯಾಗುತ್ತದೆ, ಅದಕ್ಕೆ ಮೊದಲೇ ಹತ್ತರಲ್ಲಿ ಒಂದು ಪಾಲು ಜಾಸ್ತಿ ಬಿಟ್ಟುಕೊಳ್ಳಿ.

ಹೂಳುವ ಮೊದಲು ನೆಲದ ಮೇಲೆ

ಮೊದಲು ಹೂಳಲೇಬೇಡಿ. ಇಡೀ ಸುತ್ತನ್ನು ನೆಲದ ಮೇಲೆ ಹಾಸಿ, ಡಬ್ಬಿಗೆ ಜೋಡಿಸಿ, ಕಾಲರನ್ನು ಕೈಯಲ್ಲಿ ನಾಯಿಯ ಕೊರಳಿನ ಎತ್ತರಕ್ಕೆ ಹಿಡಿದು ನಡೆದು ನೋಡಿ. ಕಿಟ್‌ನಲ್ಲಿ ಒಂದು ಪುಟ್ಟ ನಿಯಾನ್ ದೀಪ ಇರುತ್ತದೆ. ಅದನ್ನು ಎರಡು ಮುಳ್ಳಿಗೂ ಸಿಕ್ಕಿಸಿದರೆ ಶಾಕ್ ಬರುವ ಜಾಗದಲ್ಲಿ ಮಿನುಗುತ್ತದೆ.

ನಾನು ವೈರನ್ನು ಬದುವಿನಿಂದ ಎರಡು ಮೀಟರ್ ಒಳಗೆ ಹಾಸಿದ್ದೆ. ರಸ್ತೆ ಕಡೆ ಗೋಡೆಯಿಂದ ಮೂರು ಮೀಟರ್ ಒಳಗೆ. ಓಡಿಬಂದ ನಾಯಿ ಗೆರೆ ಮೀರಿ ಜಾರಿದರೂ ನಮ್ಮ ಜಾಗದಲ್ಲೇ ನಿಲ್ಲಲಿ ಅಂತ. ಮೂಲೆಗಳಲ್ಲಿ ಲಂಬಕೋನ ಮಾಡದೆ ದುಂಡಗೆ ತಿರುಗಿಸಿದೆ. ಚೂಪು ಮೂಲೆಯಲ್ಲಿ ಸಿಗ್ನಲ್ ಸಣಕಲಾಗಿ ಅಲ್ಲೊಂದು ಕಂಡಿ ಬಿಟ್ಟಂತಾಗುತ್ತದೆ. ನಾಯಿ ಅದನ್ನು ಹುಡುಕದೆ ಬಿಡುವುದಿಲ್ಲ.

ಮೂರು ಕಡೆ ಎಲ್ಲ ಸರಿ. ದಕ್ಷಿಣದ ಕಡೆ ಒಂದು ವಿಚಿತ್ರ. ವೈರ್‌ನಿಂದ ಎಷ್ಟೋ ದೂರ, ಅಂಗಳದ ಮಧ್ಯೆ ಇರುವ ಪಂಪಿನ ಸ್ಟಾರ್ಟರ್ ಡಬ್ಬಿಯ ಹತ್ತಿರ ಕಾಲರ್ ಬೀಪ್ ಅನ್ನುತ್ತಿತ್ತು. ಅಲ್ಲಿಂದ ನಾಲ್ಕು ಹೆಜ್ಜೆ ಆಚೆ ಮೌನ. ಕಾರಣ ನೆಲದೊಳಗಿನ ಬೋರ್‌ವೆಲ್ ಕೇಬಲ್. ದಕ್ಷಿಣದ ಬದುವಿನ ಉದ್ದಕ್ಕೂ ನಮ್ಮ ವೈರ್ ಪಕ್ಕದಲ್ಲೇ ಸಮಾನಾಂತರವಾಗಿ ಓಡಿ ಆಮೇಲೆ ಅಂಗಳಕ್ಕೆ ತಿರುಗಿತ್ತು. ಹತ್ತಿರದಲ್ಲಿ ಜೊತೆಜೊತೆಗೆ ಓಡುವ ಯಾವುದೇ ಲೋಹದ ತಂತಿ ಈ ಸಿಗ್ನಲನ್ನು ಎತ್ತಿಕೊಂಡು ತನ್ನ ದಾರಿಗೆ ಒಯ್ಯುತ್ತದೆ. ಕೇಬಲ್ ಇರಲಿ, ತಂತಿ ಬೇಲಿ ಇರಲಿ, ಕಬ್ಬಿಣದ ಪೈಪ್ ಇರಲಿ, ಅಷ್ಟೇ. ಮೂರು ಮೀಟರ್ ದೂರ ಇಡಬೇಕು. ದಾಟಲೇಬೇಕು ಅಂದರೆ ಲಂಬವಾಗಿ, ಅಡ್ಡಕ್ಕೆ ದಾಟಬೇಕು. ವೈರನ್ನು ಅಷ್ಟು ಒಳಕ್ಕೆ ಎಳೆದು, ಒಂದೇ ಕಡೆ ಲಂಬವಾಗಿ ದಾಟಿಸಿದೆ. ಸ್ಟಾರ್ಟರ್ ಬಳಿಯ ಬೀಪ್ ನಿಂತಿತು. ಹೂತ ಮೇಲೆ ಇದು ಗೊತ್ತಾಗಿದ್ದರೆ ದಕ್ಷಿಣದ ಸಾಲು ಪೂರ್ತಿ ಅಗೆಯಬೇಕಿತ್ತು, ಅಲ್ವಾ?

ವೈರ್ ನೆಲದ ಮೇಲೆ ಬಿದ್ದಿದ್ದ ಹೊತ್ತಲ್ಲೇ ದೊಡ್ಡವ್ವ ಹಸು ಹಿಡಿದುಕೊಂಡು ಬದುವಿಗೆ ಬಂದರು.

"ಏನ್ಲಾ ಮಗ, ನೆಲಕ್ಕೆ ಕರೆಂಟ್ ಬುಟ್ಟಿದ್ದೀಯಂತೆ? ನಮ್ ಹಸ ಇಲ್ಲೇ ಮೇಯ್ತದೆ ಕಣೋ."

"ಇಲ್ಲ ದೊಡ್ಡವ್ವ. ವೈರಲ್ಲಿ ಶಾಕ್ ಇಲ್ಲ. ಬೇಕಾದ್ರೆ ಮುಟ್ಟಿ ನೋಡಿ."

"ನೀನ್ ಮೊದ್ಲು ಮುಟ್ಟು."

ಡಬ್ಬಿಯ ಹತ್ತಿರ ಕರೆದುಕೊಂಡು ಹೋಗಿ ಬರಿ ತಾಮ್ರವನ್ನೇ ಎರಡು ಬೆರಳಲ್ಲಿ ಹಿಡಿದು ನಿಂತೆ. ನನ್ನ ಮುಖ ಸ್ವಲ್ಪ ಹೊತ್ತು ನೋಡಿದರು. "ಹಂಗಾರೆ ಇದ್ಯಾವ್ ಸೀಮೆ ಬೇಲಿ? ನಾಯಿ ಏನ್ ಓದ್ಕಂಡ್ ನಿಲ್ತದಾ?" ಅಂದು ಹೋದರು. ಅವರ ಭಯ ಸುಮ್ನೆ ಬಂದದ್ದಲ್ಲ. ಹಂದಿ ಕಾಟಕ್ಕೆ ಬೇಲಿಗೆ ನೇರವಾಗಿ ಲೈನ್ ಕರೆಂಟ್ ಕೊಟ್ಟು ಜನ, ದನ, ಆನೆ ಸತ್ತ ಸುದ್ದಿ ನಮ್ಮ ಕಡೆ ಹೊಸದಲ್ಲ. ಹೀಗೆ ವೈರ್ ಹೂಳುವವರು ಮೊದಲೇ ಅಕ್ಕಪಕ್ಕದವರನ್ನು ಕರೆದು ತೋರಿಸಿಬಿಡಿ. ಮಾತು ಊರು ಸುತ್ತಿ ಬರುವಷ್ಟರಲ್ಲಿ ಅದು ಬೇರೆಯೇ ಆಗಿರುತ್ತದೆ.

ಅಗೆತ, ಜಾಯಿಂಟ್

ಬೇಸಿಗೆಯ ನೆಲಕ್ಕೆ ಹಾರೆ ಹಾಕಿದರೆ ಕಿಡಿ ಬರುತ್ತದೆ. ಒಂದು ಮಳೆ ಬಿದ್ದು ನೆಲ ಹದಕ್ಕೆ ಬರುವವರೆಗೆ ಕಾದೆ. ಆಮೇಲೆ ಎತ್ತಿನ ನೇಗಿಲಲ್ಲಿ ಸುತ್ತ ಒಂದು ಸಾಲು ಹೊಡೆಸಿದೆ. ನಾಲ್ಕೈದು ಇಂಚು ಆಳದ ಅಚ್ಚುಕಟ್ಟಾದ ಸಾಲು, ವೈರ್ ಇಟ್ಟು ಕಾಲಲ್ಲಿ ಮಣ್ಣು ಎಳೆದರೆ ಮುಗಿಯಿತು. ಹುಲ್ಲು ಇರುವ ಕಡೆ ಎರಡು ಮೂರು ಇಂಚು ಆಳವೂ ಸಾಕು. ಟಿಲ್ಲರ್ ಹಾಯುವ ಪಟ್ಟಿಯಲ್ಲಿ ಮಾತ್ರ ಗುದ್ದಲಿ ಹಿಡಿದು ಎಂಟು ಇಂಚು ಇಳಿಸಿದೆ. ಅಲ್ಲಿ ಎಚ್ಚರಿಕೆಯ ಅಗಲ ಅಂಗೈಯಷ್ಟು ಕಡಿಮೆಯಾಯಿತು, ತಿರುಗಣೆ ಸ್ವಲ್ಪ ಏರಿಸಿ ಸರಿಮಾಡಿದೆ. ಗೇಟಿನ ಮುಂದಿನ ಕಾಂಕ್ರೀಟ್‌ಗೆ ಕಟಿಂಗ್ ಮಷೀನ್‌ನಲ್ಲಿ ಒಂದು ಇಂಚು ಆಳ ಗೆರೆ ಕೊರೆಸಿ ವೈರ್ ಕೂರಿಸಿ ಮೇಲೆ ಸಿಮೆಂಟ್ ಬಳಿದದ್ದು. ನೀರಿನ ಕಾಲುವೆಗೆ ಪಿವಿಸಿ ಪೈಪ್.

ನಾಲ್ಕು ಸುರುಳಿ ಅಂದರೆ ಮಣ್ಣಿನೊಳಗೆ ಜಾಯಿಂಟ್ ಬಂದೇ ಬರುತ್ತದೆ. ಈ ಬೇಲಿ ಕೆಟ್ಟರೆ ಹತ್ತರಲ್ಲಿ ಒಂಬತ್ತು ಸಲ ಕೆಡುವುದು ಜಾಯಿಂಟ್‌ನಲ್ಲೇ ಅಂತ ಪಂಪ್ ರಿಪೇರಿಯ ಹುಡುಗ ಹೇಳಿದ. ಅವನ ಮಾತು ಕೇಳಿ ಬೋರ್‌ವೆಲ್ ಕೇಬಲಿಗೆ ಹಾಕುವ ರಬ್ಬರ್ ಟೇಪನ್ನೇ ತಂದೆ. ಮಾಡಿದ ರೀತಿ ಹೀಗೆ. ಎರಡೂ ತುದಿಯಲ್ಲಿ ಒಂದೂವರೆ ಇಂಚು ಹೊದಿಕೆ ಬಿಡಿಸಿ ತಾಮ್ರದ ಎಳೆ ಹರಡಿ ಒಂದರೊಳಗೊಂದು ಹೊಗಿಸಿ ಹೆಣೆಯಬೇಕು. ಸೋಲ್ಡರ್ ಕರಗಿ ಎಳೆಗಳ ನಡುವೆ ತಾನೇ ಇಳಿಯುವಷ್ಟು ಬಿಸಿ ಕೊಡಬೇಕು, ಮೇಲೆ ಗುಡ್ಡೆ ಮಾಡಬಾರದು. ಚೂಪು ತುದಿ ಉಳಿದಿದ್ದರೆ ಉಜ್ಜಿ ನುಣುಪು ಮಾಡಬೇಕು. ಆಮೇಲೆ ರಬ್ಬರ್ ಟೇಪ್. ಇದನ್ನು ಸಾದಾ ಟೇಪಿನಂತೆ ಸುತ್ತಿದರೆ ಪ್ರಯೋಜನವಿಲ್ಲ. ಅದರ ಅಗಲ ಅರ್ಧಕ್ಕೆ ಇಳಿಯುವಷ್ಟು ಹಿಗ್ಗಿಸಿ, ಅರ್ಧರ್ಧ ಒಂದರ ಮೇಲೊಂದು ಬರುವ ಹಾಗೆ, ಹೊದಿಕೆಯ ಮೇಲೂ ಎರಡೆರಡು ಇಂಚು ಹತ್ತಿಸಿ ಸುತ್ತಬೇಕು. ಸ್ವಲ್ಪ ಹೊತ್ತಿಗೆ ಪದರಗಳೆಲ್ಲ ಬೆಸೆದು ಒಂದೇ ರಬ್ಬರ್ ಗಂಟಾಗುತ್ತದೆ, ಉಗುರಲ್ಲಿ ಕೆದಕಿದರೂ ಏಳುವುದಿಲ್ಲ. ಮೇಲೆ ಸಾದಾ ಟೇಪ್. ಪ್ರತಿ ಜಾಯಿಂಟ್ ಬಳಿಯೂ ಒಂದು ಇಟ್ಟಿಗೆ ಹೂತಿಟ್ಟಿದ್ದೇನೆ, ಹುಡುಕಲು ಸುಲಭವಾಗಲಿ ಅಂತ.

ಹೂತು, ಮೇಲೆ ನೀರು ಹಾಯಿಸಿ, ಮಾರನೇ ದಿನ ಡಬ್ಬಿಯಿಂದ ಎರಡೂ ತುದಿ ಬಿಚ್ಚಿ ಅಳೆದೆ. ಸುತ್ತಿನ ರೋಧ 6.6 ಓಂ. ಗೋಡೆಯ ಮೇಲಿನ ಲೆಕ್ಕಕ್ಕೆ ಸರಿಹೋಯಿತು. ಪಂಪ್ ಹುಡುಗ ಮೆಗ್ಗರ್, ಅಂದರೆ ಹೊದಿಕೆ ಸೋರುತ್ತಿದೆಯಾ ಅಂತ ನೋಡುವ ಮೀಟರ್, ತಂದು ವೈರ್‌ಗೂ ಭೂಮಿಗೂ ನಡುವೆ ನೋಡಿದ. ಮೀಟರಿನ ಮುಳ್ಳು ಮೇಲಕ್ಕೇ ನಿಂತಿತು. ಹೊದಿಕೆ ಎಲ್ಲೂ ಹರಿದಿಲ್ಲ. ಮೆಗ್ಗರ್ ಹಿಡಿಯುವಾಗ ಡಬ್ಬಿ ಜೋಡಿಸಿರಬಾರದು, ಒಂದೇ ಸಲಕ್ಕೆ ಸುಟ್ಟುಹೋಗುತ್ತದೆ.

ಕರೆಂಟು, ಸಿಡಿಲು

ಕರೆಂಟ್ ಹೋದರೆ ಬೇಲಿಯೂ ಹೋಯಿತು. ನಮ್ಮ ಡಬ್ಬಿ 12 ವೋಲ್ಟ್ ಅಡಾಪ್ಟರ್‌ನದು. ಹಾಗಾಗಿ ವೈಫೈ ರೂಟರಿಗೆ ಹಾಕುವ ಪುಟ್ಟ ಯುಪಿಎಸ್ ಸಾಕಾಯಿತು. ಕೊಳ್ಳುವಾಗ ಅಡಾಪ್ಟರ್ ಮೇಲಿನ ವೋಲ್ಟ್ ನೋಡಿಕೊಳ್ಳಿ, ಎಲ್ಲ ಕಿಟ್‌ನದೂ ಒಂದೇ ಇರುವುದಿಲ್ಲ. ಡಬ್ಬಿಯನ್ನು ಮನೆಯ ದೊಡ್ಡ ಇನ್ವರ್ಟರ್ ಪಕ್ಕ ಇಡಬೇಡಿ. ಅದರ ಗದ್ದಲ ಸಿಗ್ನಲಿಗೆ ಸೇರುತ್ತದೆ.

ಸಿಡಿಲು ದೊಡ್ಡ ವಿಷಯ. 300 ಮೀಟರ್ ಸುತ್ತು ಅಂದರೆ ಅದೊಂದು ಭಾರಿ ಆಂಟೆನಾ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆಯಲ್ಲಿ ಸಿಡಿಲು ದೂರದಲ್ಲಿ ಬಿದ್ದರೂ ವೈರ್‌ನಲ್ಲಿ ಏರುವ ವೋಲ್ಟೇಜ್ ಡಬ್ಬಿಯನ್ನು ಸುಡಬಲ್ಲದು. ವೈರಿನ ಎರಡೂ ತುದಿಯಿಂದ ಅರ್ತಿಂಗ್‌ಗೆ ಒಂದೊಂದು ಗ್ಯಾಸ್ ಡಿಸ್ಚಾರ್ಜ್ ಟ್ಯೂಬ್ ಹಾಕಿದ್ದೇನೆ, ಏರಿದ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಪುಟ್ಟ ಭಾಗ ಅದು. ಅರ್ತಿಂಗ್ ಅಂದರೆ ಇದ್ದಿಲು, ಉಪ್ಪು ತುಂಬಿದ ನಮ್ಮ ಮಾಮೂಲಿ ಗುಂಡಿ. ಇಷ್ಟಾದರೂ ಗುಡುಗು ಕೇಳಿಸಿದರೆ ವೈರನ್ನು ಕಿತ್ತೇ ಇಡುತ್ತೇನೆ. ಅದಕ್ಕೇ ಡಬ್ಬಿಯ ಮುಂದೆ ಎರಡು ಪಿನ್ನಿನ ಒಂದು ಪ್ಲಗ್ ಮಾಡಿಕೊಂಡಿದ್ದೇನೆ. ಗುಡುಗಿಗೆ ಭೈರ ಹೇಗೂ ಮಂಚದ ಕೆಳಗಿರುತ್ತಾನೆ.

ಭೈರನ ಪಾಠ

ನಾಯಿಗೆ ಗೆರೆ ತೋರಿಸಲು ಕಿಟ್‌ನಲ್ಲಿ ಬಂದ ಬಾವುಟ ಕೆಂಪು. ನಾಯಿ ಕಣ್ಣಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತದೆ. ಹಸಿರು ಹುಲ್ಲಿನ ಮೇಲೆ ಕೆಂಪು ಎದ್ದು ಕಾಣುವುದಿಲ್ಲ. ಹಳೆ ನೀಲಿ ಟಾರ್ಪಾಲ್ ಹರಿದು ಹಿಪ್ಪುನೇರಳೆ ಕಡ್ಡಿಗೆ ಕಟ್ಟಿ ಎರಡೆರಡು ಮೀಟರಿಗೆ ಒಂದರಂತೆ, ಬೀಪ್ ಶುರುವಾಗುವ ಜಾಗದಲ್ಲಿ ನೆಟ್ಟೆ.

ಮೊದಲ ವಾರ ಶಾಕ್ ಇಲ್ಲ, ಬೀಪ್ ಮಾತ್ರ. ಉದ್ದ ಹಗ್ಗ ಕಟ್ಟಿಕೊಂಡು ಬಾವುಟದ ಕಡೆ ನಡೆಯುವುದು. ಬೀಪ್ ಆದ ಕೂಡಲೇ "ಬಾ" ಅಂತ ಮನೆ ಕಡೆಗೆ ಓಡುವುದು, ಬಂದರೆ ಒಂದು ಚೂರು ಬೇಯಿಸಿದ ಲಿವರ್. ಹತ್ತು ನಿಮಿಷ ಸಾಕು, ದಿನಕ್ಕೆ ಎರಡು ಮೂರು ಹೊತ್ತು. ಮೊದಲ ಸಲ ಬೀಪ್ ಕೇಳಿದಾಗ ಅವನು ತಲೆ ಓರೆ ಮಾಡಿ ತನ್ನ ಕೊರಳನ್ನೇ ನೋಡಿಕೊಳ್ಳಲು ಒಂದು ಸುತ್ತು ತಿರುಗಿದ. ವಾರ ಮುಗಿಯುವಷ್ಟರಲ್ಲಿ ಬೀಪ್ ಅಂದರೆ ಲಿವರ್ ಅಂತ ತಿಳಿದುಕೊಂಡು ಬೇಕಂತಲೇ ಬಾವುಟದ ಬಳಿ ಹೋಗಿ ನಿಂತು ನನ್ನ ಕಡೆ ನೋಡುತ್ತಿದ್ದ. ಬುದ್ಧಿವಂತ ತಳಿಯ ತೊಂದರೆ ಇದು. ಅಲ್ಲಿಂದ ಮುಂದೆ ಎರಡನೇ ಮಟ್ಟದ ಶಾಕ್ ಸೇರಿಸಿದೆ, ಹಗ್ಗ ಹಿಡಿದೇ. ಒಂದೆರಡು ಸಲ ಚುರುಕ್ ಅನ್ನಿಸಿಕೊಂಡ ಮೇಲೆ ಲೆಕ್ಕ ಬದಲಾಯಿತು. ಮೂರನೇ ಮಟ್ಟಕ್ಕೆ ಹೋಗಬೇಕಾಗಿ ಬರಲಿಲ್ಲ. ಆಮೇಲೆ ಬಾವುಟದ ಆಚೆ ತಂಗಿಯ ಮಗ ಚೆಂಡು ಎಸೆಯುವುದು, ದೊಡ್ಡವ್ವನ ಕೋಳಿ ಹಾಯುವುದು, ಹೀಗೆ ಆಸೆ ತೋರಿಸಿ ಪರೀಕ್ಷೆ. ಬಾವುಟಗಳನ್ನು ಒಂದು ಬಿಟ್ಟು ಒಂದು ಕೀಳುತ್ತಾ ಬಂದೆ.

ಕಾಲರ್ ಕಟ್ಟುವುದು ಕಿವಿಗೆ ಹತ್ತಿರ, ಕೊರಳಿನ ಮೇಲ್ಭಾಗದಲ್ಲಿ. ಮುಳ್ಳಿಗೂ ಚರ್ಮಕ್ಕೂ ನಡುವೆ ಒಂದು ಬೆರಳು ಬಿಗಿಯಾಗಿ ತೂರುವಷ್ಟು. ಕೂದಲು ಬೋಳಿಸಬೇಡಿ, ಬಾಚಿ ಪಕ್ಕಕ್ಕೆ ಸರಿಸಿದರೆ ಸಾಕು. ದಿನಕ್ಕೆ ಹನ್ನೆರಡು ಗಂಟೆ ಮೀರಿ ಬಿಡುವಂತಿಲ್ಲ. ಮುಳ್ಳು ಒಂದೇ ಕಡೆ ಒತ್ತಿಕೊಂಡಿದ್ದರೆ ಹುಣ್ಣಾಗುತ್ತದೆ. ಜನ ಅದನ್ನು ಶಾಕಿನ ಸುಟ್ಟಗಾಯ ಅಂದುಕೊಳ್ಳುತ್ತಾರೆ, ನಿಜವಾಗಿ ಅದು ಒತ್ತಡದ ಗಾಯ. ಸಂಜೆ ಬಿಚ್ಚಿದ ಕೂಡಲೇ ಕೂದಲು ಬಿಡಿಸಿ ಎರಡು ಚುಕ್ಕೆಗಳನ್ನು ನೋಡುತ್ತೇನೆ. ನಸುಗೆಂಪು ಇದ್ದರೆ ಮಾರನೇ ದಿನ ಕಾಲರ್ ಇಲ್ಲ, ಗೇಟ್ ಮುಚ್ಚಿರುತ್ತದೆ.

ಈಗ ಮೊದಲು ಹೇಳಿದ ಕಥೆ. ಒಂದು ಬೆಳಿಗ್ಗೆ ಕಬ್ಬಿನಿಂದ ಮೊಲ ಎದ್ದಿತು. ಭೈರ ಬೀಪನ್ನೂ ಲೆಕ್ಕಿಸಲಿಲ್ಲ, ಚುರುಕನ್ನೂ ಲೆಕ್ಕಿಸಲಿಲ್ಲ, ಬದು ಹಾರಿ ಹೋದ. ಮೊಲ ಸಿಗಲಿಲ್ಲ. ವಾಪಸ್ ಬಂದವನು ಬದುವಿನ ಆಚೆ ನಿಂತು ಮುಂಗಾಲು ಎತ್ತಿ ಎತ್ತಿ ಇಡುತ್ತಿದ್ದ, ಒಳಗೆ ಬರಲಿಲ್ಲ. ಕರೆದರೆ ಕುಂಯ್ ಅನ್ನುತ್ತಾನೆ, ಹೆಜ್ಜೆ ಇಡುವುದಿಲ್ಲ. ಹೋಗುವಾಗ ಮೊಲದ ಜೋಶ್ ಇತ್ತು, ಬರುವಾಗ ಏನಿದೆ? ನಾನೇ ಹೋಗಿ ಕಾಲರ್ ಬಿಚ್ಚಿ ಕರೆತಂದೆ. ಆಮೇಲೆ ಆ ಮೂಲೆಯಲ್ಲಿ ಮತ್ತೆ ಬಾವುಟ ನೆಟ್ಟು ಒಂದು ವಾರ ಪಾಠ. ಹೊರಗಿಂದ ಒಳಗೆ ಬರುವಾಗ ಸುಮ್ಮನಿರುವ ಕಾಲರ್ ಸಿಗುತ್ತದೆ. ಈಗ ಕೊಳ್ಳುವವರು ಅದನ್ನೇ ಕೊಳ್ಳಿ, ಹತ್ತಿರದ ಬೆಲೆಗೆ ಬರುತ್ತದೆ.

ರಾತ್ರಿ ಈ ಬೇಲಿ ಬೇಡ

ಈ ಬೇಲಿ ನಾಯಿಯನ್ನು ಒಳಗಿಡುತ್ತದೆ, ಬೇರೇನನ್ನೂ ಹೊರಗಿಡುವುದಿಲ್ಲ. ಬೀದಿನಾಯಿ ಬರುತ್ತವೆ, ಹಾವು ಬರುತ್ತದೆ, ಹಂದಿ ಬರುತ್ತದೆ. ಎಲ್ಲಕ್ಕಿಂತ ಚಿರತೆ. ಕಬ್ಬಿನ ಗದ್ದೆಯಲ್ಲೂ ಅದು ಮರಿ ಹಾಕುತ್ತದೆ. ಟಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಕೊನೆ, 2023ರ ಶುರುವಿನಲ್ಲಿ ಮನುಷ್ಯರನ್ನೇ ಕೊಂದಿತು. ನಾಯಿ ಅಂತೂ ಚಿರತೆಗೆ ಸುಲಭದ ಊಟ, 36 ಕೆಜಿ ಇದ್ದರೂ. ಅದು ಬಂದಾಗ ಬೀಪ್‌ಗೆ ಹೆದರಿ ಓಡಲಾರದ ನಾಯಿ ಅಂದರೆ ತಟ್ಟೆಗೆ ಬಡಿಸಿಟ್ಟ ಹಾಗೆಯೇ. ದೀಪ ಹಚ್ಚುವ ಹೊತ್ತಿಗೆ ಭೈರನ ಕಾಲರ್ ಬಿಚ್ಚಿ, ಮೇಲೂ ಜಾಲರಿ ಇರುವ ಗೂಡಿಗೆ ಸೇರಿಸಿ ಚಿಲಕ ಹಾಕುತ್ತೇವೆ.

ಒಂದು ಸಲ ವೈರ್ ತುಂಡಾಯಿತು, ಟಿಲ್ಲರ್‌ಗೆ. ಡಬ್ಬಿಯ ಅಲಾರಾಂ ಕಿರುಚಿತು. ಎಲ್ಲಿ ಅಂತ ಹುಡುಕಲು ತುಂಬಾ ಹೊತ್ತು ಬೇಕಾಗಲಿಲ್ಲ. ಇಟ್ಟಿಗೆ ಇಟ್ಟಿದ್ದ ಜಾಯಿಂಟ್ ಒಂದನ್ನು ತೆರೆದು, ಅಲ್ಲಿಂದ ಡಬ್ಬಿಯವರೆಗೆ ಬೇರೆ ವೈರ್ ಎಳೆದು ಅರ್ಧ ಸುತ್ತಿಗೆ ಮೀಟರ್ ಹಿಡಿದೆ. ಯಾವ ಅರ್ಧ ಓಂ ತೋರಿಸುವುದಿಲ್ಲವೋ ಅದರಲ್ಲೇ ತುಂಡು. ಮುಂದಿನ ಜಾಯಿಂಟ್‌ಗೆ ಹೋಗಿ ಮತ್ತೆ ಅದನ್ನೇ ಮಾಡಿದರೆ ಹುಡುಕುವ ಜಾಗ ಒಂದು ಸುರುಳಿಯಷ್ಟಕ್ಕೆ ಇಳಿಯುತ್ತದೆ. ಅದರಲ್ಲಿ ಟಿಲ್ಲರ್ ತಿರುಗಿದ ಗುರುತು ನೋಡಿದರೆ ಸಾಕು.

ದೊಡ್ಡವ್ವನ ಮೊಮ್ಮಗ ಈಗ ಮುಧೋಳ ಮರಿ ತಂದಿದ್ದಾನೆ. "ಅಣ್ಣ, ನಮಗೂ ಇಂಥದ್ದೇ ಹಾಕಿಕೊಡು" ಅಂತ ದುಂಬಾಲು ಬಿದ್ದಿದ್ದ. ಬೇಡ ಅಂದೆ. ಮುಧೋಳ ಕಣ್ಣಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನೋ ಓಡಿದರೆ ಅದಕ್ಕೆ ಬೇರೇನೂ ಕೇಳಿಸುವುದಿಲ್ಲ, ಭೈರನಿಗಿಂತ ವೇಗವೂ ಜಾಸ್ತಿ, ಮೈಮೇಲಿನ ಕೂದಲೂ ತೀರಾ ಗಿಡ್ಡ, ಚರ್ಮವೂ ತೆಳು. ಅದಕ್ಕೆ ಕಣ್ಣಿಗೆ ಕಾಣುವ ಆರಡಿ ಜಾಲರಿಯೇ ಬೇಕು. ಅವರ ಮನೆ ಹಿತ್ತಲು ನಾಲ್ಕು ಗುಂಟೆ, ಹೇಗೂ ಒಂದು ಕಡೆ ಗೋಡೆ ಇದೆ. ಕಲ್ಲುಕಂಬ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿ ಹೇಳಿದ್ದೇನೆ. ನನ್ನ ಹತ್ತಿರ ಮಿಕ್ಕಿದ್ದ ಆ 20 ಗೇಜ್ ವೈರನ್ನು ಅವನಜ್ಜಿ ಬಟ್ಟೆ ಒಣಹಾಕಲು ತೆಗೆದುಕೊಂಡು ಹೋದರು.